ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ ಚೀಟಿಯಲ್ಲಿ 1-0-1 ಎಂದೋ, ‘ಖಾಲಿ ಹೊಟ್ಟೆಯಲ್ಲಿ’ ಎಂದೋ ಬರೆದಿರುತ್ತದೆ. ಆ ಅಂಕಿಗಳ ಹಿಂದೆ ಒಂದು ಲೆಕ್ಕವಿದೆ: ಕರುಳು ಎಷ್ಟು ಹೀರಿಕೊಳ್ಳುತ್ತದೆ, ಲಿವರ್ ಎಷ್ಟನ್ನು ಒಡೆಯುತ್ತದೆ, ಕಿಡ್ನಿ ಎಷ್ಟು ಹೊತ್ತಿನಲ್ಲಿ ಹೊರಗೆ ಹಾಕುತ್ತದೆ. ಔಷಧದ ಅಂಗಡಿಯಲ್ಲಿ, ವಾರ್ಡಿನಲ್ಲಿ ಜನ ದಿನವೂ ಕೇಳುವ ಪ್ರಶ್ನೆಗಳಿಗೆ ಆ ಲೆಕ್ಕವನ್ನು ಬಿಡಿಸಿಟ್ಟು ಉತ್ತರ ಕೊಟ್ಟಿದ್ದೇವೆ. ಇದನ್ನು ಓದಿ ನಿಮ್ಮ ಡೋಸನ್ನು ನೀವೇ ಬದಲಿಸಬೇಡಿ. ಡಾಕ್ಟರನ್ನು ಏನು ಕೇಳಬೇಕು ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದು ಹೇಗೆ?

ಪ್ಯಾರಸಿಟಮಾಲ್ ಮಾತ್ರೆಯನ್ನೇ ತಗೊಳ್ಳಿ. ಹೊಟ್ಟೆಗೆ ಬಿದ್ದ ಮೇಲೆ ಅದು ಮೊದಲು ಒಡೆದು ಚೂರಾಗುತ್ತದೆ, ಆಮೇಲೆ ನೀರಿನಲ್ಲಿ ಕರಗುತ್ತದೆ. ಕರಗದ ಔಷಧ ಎಲ್ಲಿಗೂ ಹೋಗಲಾರದು. ಜಠರದ ಗೋಡೆ ಹೀರಿಕೊಳ್ಳುವುದು ಅಲ್ಪ. ನಿಜವಾದ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ, ಯಾಕೆಂದರೆ ಅಲ್ಲಿನ ಮಡಿಕೆಗಳಿಂದಾಗಿ ಮೇಲ್ಮೈ ಬಹಳ ದೊಡ್ಡದು. ಹಾಗಾಗಿ ಜಠರ ತನ್ನಲ್ಲಿರುವುದನ್ನು ಎಷ್ಟು ಬೇಗ ಕರುಳಿಗೆ ದಾಟಿಸುತ್ತದೆ ಎನ್ನುವುದರ ಮೇಲೆ ಮಾತ್ರೆಯ ವೇಗ ನಿಂತಿದೆ. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿದ ಪ್ಯಾರಸಿಟಮಾಲ್ ಅರ್ಧದಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಹಬ್ಬದೂಟ ಮುಗಿಸಿ ನುಂಗಿದರೆ ತಡವಾಗುತ್ತದೆ. ಒಟ್ಟು ಸೇರುವ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಪೋರ್ಟಲ್ ರಕ್ತನಾಳದ ಮೂಲಕ ಲಿವರಿಗೆ ಹೋಗುತ್ತದೆ. ಅಲ್ಲಿ ಸುಂಕ ಕಟ್ಟಿಯೇ ಮುಂದೆ ಹೋಗಬೇಕು.

500 ಎಂಜಿ ನುಂಗಿದರೆ 500 ಎಂಜಿಯೂ ಮೈಗೆ ಹತ್ತುತ್ತದೆಯೇ?

ಇಲ್ಲ. ನುಂಗಿದ್ದರಲ್ಲಿ ಬದಲಾಗದೆ ರಕ್ತಪ್ರವಾಹ ಸೇರಿದ ಪಾಲಿಗೆ ಜೈವಿಕ ಲಭ್ಯತೆ ಎನ್ನುತ್ತಾರೆ. ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್ನಿಗೆ ಅದು ನೂರಕ್ಕೆ ನೂರು. ಮಾರ್ಫಿನ್ ಇಂಜೆಕ್ಷನ್ 10 ಎಂಜಿ ಮಾಡುವ ಕೆಲಸಕ್ಕೆ ಬಾಯಿಯ ಮೂಲಕ ಸುಮಾರು 30 ಎಂಜಿ ಬೇಕು. ಉಳಿದದ್ದನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದುಹಾಕಿರುತ್ತದೆ.

ಮೂಳೆ ಸವೆತಕ್ಕೆ ವಾರಕ್ಕೊಂದು ಕೊಡುವ ಅಲೆಂಡ್ರೋನೇಟ್ 70 ಎಂಜಿ ಮಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿಯಿಡೀ ಉಪವಾಸವಿದ್ದು ಬರೀ ನೀರಿನ ಜೊತೆ ನುಂಗಿದರೂ ರಕ್ತಕ್ಕೆ ಸೇರುವುದು ಶೇ. 0.6ರಷ್ಟು, ಅಂದರೆ ಅರ್ಧ ಎಂಜಿಗಿಂತಲೂ ಕಡಿಮೆ. ಕಾಫಿಯ ಜೊತೆ ನುಂಗಿದರೆ ಆ ಅರ್ಧದಲ್ಲೂ ಶೇ. 60ರಷ್ಟು ಹೋಯಿತು. ಆರು ತಿಂಗಳು ದುಡ್ಡು ಕೊಟ್ಟು ಮಾತ್ರೆ ನುಂಗಿಯೂ ಮೂಳೆಗೆ ಏನೂ ದಕ್ಕದಿರಬಹುದು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು ಎನ್ನುವುದು ಬೇರೆ ಕಾರಣಕ್ಕೆ: ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲಿಗೂ ಇದೇ ಮಾತು. ಒಂದು ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಬಿದ್ದವರು ಮಾರನೆಯ ದಿನ ಎದೆ ಉರಿ ಎಂದು ಬರುತ್ತಾರೆ.

ಎದೆನೋವಿನ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಿ ಎನ್ನುವುದು ಏಕೆ?

ಲಿವರಿನ ಸುಂಕ ತಪ್ಪಿಸಲು. ನಾಲಿಗೆಯ ಕೆಳಗಿನ ರಕ್ತನಾಳಗಳು ಲಿವರಿನ ಮೂಲಕ ಹೋಗದೆ ನೇರ ಹೃದಯದ ಕಡೆ ಹರಿಯುತ್ತವೆ. ನೈಟ್ರೋಗ್ಲಿಸರಿನ್ ನುಂಗಿದರೆ ಹೆಚ್ಚಿನಂಶ ಲಿವರಿನಲ್ಲೇ ಮುಗಿಯುತ್ತದೆ. ನಾಲಿಗೆ ಕೆಳಗಿಟ್ಟರೆ ಎರಡು ಮೂರು ನಿಮಿಷದಲ್ಲಿ ಕೆಲಸ ಶುರು. ಕುಳಿತುಕೊಂಡೇ ಇಟ್ಟುಕೊಳ್ಳಿ, ನಿಂತಿದ್ದರೆ ಬಿ.ಪಿ. ಇಳಿದು ತಲೆ ಸುತ್ತಿ ಬೀಳಬಹುದು. ಜಗಿಯಬೇಡಿ, ನೀರು ಕುಡಿಯಬೇಡಿ, ಎಂಜಲು ನುಂಗುವುದನ್ನೂ ಆದಷ್ಟು ತಡೆಯಿರಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಸಿಲ್ಡೆನಾಫಿಲ್ (ವಯಾಗ್ರಾ) ತಗೊಂಡು 24 ಗಂಟೆ ಆಗಿರದಿದ್ದರೆ ಈ ಮಾತ್ರೆ ಮುಟ್ಟಲೇಬೇಡಿ, ಆಂಬ್ಯುಲೆನ್ಸಿನಲ್ಲಿ ಬಂದವರಿಗೆ ಅದನ್ನು ನಾಚಿಕೆಯಿಲ್ಲದೆ ಹೇಳಿ.

ಊಟಕ್ಕೆ ಮೊದಲು, ಊಟದ ನಂತರ: ಅಷ್ಟು ವ್ಯತ್ಯಾಸ ಆಗುತ್ತದೆಯೇ?

ಕೆಲವಕ್ಕೆ ಏನೂ ಆಗುವುದಿಲ್ಲ, ಕೆಲವಕ್ಕೆ ಚಿಕಿತ್ಸೆಯೇ ಕೆಡುತ್ತದೆ. ‘ಖಾಲಿ ಹೊಟ್ಟೆ’ ಎಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ಮೇಲೆ. ಊಟಕ್ಕೆ ಕೂರುವ ಮುಂಚೆ ಎಂದಷ್ಟೇ ಅಲ್ಲ.

ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮೊದಲು. ಅದು ಹಿಡಿಯುವುದು ಆಮ್ಲ ಪಂಪು ಮಾಡುತ್ತಿರುವ ಪ್ರೋಟೀನನ್ನು. ಆ ಪಂಪು ಚಾಲೂ ಆಗುವುದು ಊಟ ಹೊಟ್ಟೆಗೆ ಬಿದ್ದಾಗ. ಅಷ್ಟು ಹೊತ್ತಿಗೆ ಔಷಧ ರಕ್ತದಲ್ಲಿ ಸಿದ್ಧವಾಗಿ ಕಾದಿರಬೇಕು. ತಿಂಡಿ ತಿಂದು ‘ಗ್ಯಾಸ್ ಮಾತ್ರೆ’ ನುಂಗುವವರು ಅದು ಕೆಲಸ ಮಾಡುವುದಿಲ್ಲ ಎಂದು ದೂರುವುದರಲ್ಲಿ ಆಶ್ಚರ್ಯವಿಲ್ಲ.

ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್‌ಗಳು ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ ಸಿಕ್ಕರೆ ಅದಕ್ಕೇ ಅಂಟಿಕೊಂಡು ಕರಗದ ಗಂಟಾಗುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಅನ್ನು ಹಾಲಿನ ಜೊತೆ ನುಂಗಿದರೆ ಮೂರನೇ ಒಂದು ಭಾಗದಷ್ಟು ನಷ್ಟ. ಆಂಟಾಸಿಡ್ ಜೊತೆಗಾದರೆ ನಷ್ಟ ಇನ್ನೂ ದೊಡ್ಡದು. ಆಂಟಾಸಿಡ್, ಕ್ಯಾಲ್ಸಿಯಂ ಮಾತ್ರೆಗಳಿಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಸಿಪ್ರೊಫ್ಲಾಕ್ಸಾಸಿನ್ ತಗೊಳ್ಳಬೇಕು. ಕ್ಯಾಲ್ಸಿಯಂ ಎಂದರೆ ಹಾಲು ಮಾತ್ರ ಎಂದುಕೊಳ್ಳಬೇಡಿ, ರಾಗಿ ಗಂಜಿಯಲ್ಲೂ ಧಾರಾಳವಾಗಿದೆ.

ಕೊಬ್ಬಿನ ಊಟವೇ ಬೇಕಾದ ಔಷಧಗಳೂ ಇವೆ. ಮಿದುಳಿನ ಲಾಡಿಹುಳುವಿನ ಗಂಟಿಗೆ ಕೊಡುವ ಆಲ್ಬೆಂಡಜೋಲ್ ಜಿಡ್ಡಿನ ಊಟದ ಜೊತೆಗೆ ಐದು ಪಟ್ಟಿನವರೆಗೂ ಹೆಚ್ಚು ಹೀರಿಕೆಯಾಗುತ್ತದೆ. ಕರುಳಿನ ಹುಳುವಿಗೆ ಕೊಟ್ಟಾಗ ಅದರ ಅಗತ್ಯವಿಲ್ಲ, ಹುಳು ಇರುವುದೇ ಅಲ್ಲಿ. ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲಿಗೆ ಊಟವೂ ಬೇಕು, ಹೊಟ್ಟೆಯ ಆಮ್ಲವೂ ಬೇಕು. ಅದರ ಜೊತೆಗೇ ಗ್ಯಾಸ್ ಮಾತ್ರೆ ಬರೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ತಿಂಗಳಾದರೂ ಹುಳುಕಡ್ಡಿ ಹೋಗಲಿಲ್ಲವೆಂದರೆ ಮೊದಲು ಅದನ್ನು ನೋಡಬೇಕು. ಕ್ಷಯದ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ, ಖಾಲಿ ಹೊಟ್ಟೆಯಲ್ಲೇ ಚೆನ್ನ.

ಮೆಟ್‌ಫಾರ್ಮಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ಊಟದ ನಂತರ ಎನ್ನುವುದು ಹೀರಿಕೆಗಾಗಿ ಅಲ್ಲ, ಹೊಟ್ಟೆ ಕೆಡದಿರಲಿ ಎಂದು.

ಥೈರಾಯ್ಡ್ ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ಕಾಫಿ ಕುಡಿಯಬಹುದು?

ಒಂದು ಗಂಟೆ ಒಳ್ಳೆಯದು, ಕನಿಷ್ಠ ಅರ್ಧ ಗಂಟೆ ಬೇಕೇ ಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ. ಥೈರಾಕ್ಸಿನ್ ಡೋಸನ್ನು ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ, 25, 50, 75, 100 ಎಂದು. ಅಷ್ಟು ಸಣ್ಣ ಪ್ರಮಾಣದಲ್ಲಿ ದಿನಾ ಒಂದಷ್ಟು ಕಾಫಿಯ ಪಾಲಾದರೆ, ಥೈರಾಯ್ಡ್ ಸಾಲದೆಂದು ತೋರಿಸುವ ಟಿಎಸ್‌ಎಚ್ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ. ನಂತರ ಯಾವಾಗಲೋ ನೀವು ಸರಿಯಾಗಿ ತಗೊಳ್ಳತೊಡಗಿದರೆ ಅದೇ ಡೋಸ್ ಅತಿಯಾಗಿ ಎದೆ ಬಡಿತ ಶುರು. ಬೆಳಗಿನ ಕಾಫಿ ಬಿಡಲು ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತಗೊಳ್ಳಬಹುದು. ಡಾಕ್ಟರಿಗೆ ಹೇಳಿಯೇ ಬದಲಿಸಿ, ಬದಲಿಸಿದ ಮೇಲೆ ದಿನಾ ಅದೇ ಹೊತ್ತಿಗೆ ತಗೊಳ್ಳಿ.

ಕಬ್ಬಿಣದ ಮಾತ್ರೆ?

ನಿಂಬೆ ಷರಬತ್ತಿನ ಜೊತೆ ಸರಿ, ಟೀ ಕಾಫಿ ಜೊತೆ ಬೇಡ. ಎರಡು ಗಂಟೆ ಬಿಡಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಹೀರಿಕೆಯಾಗದ ಕಬ್ಬಿಣ.

ನುಂಗಲು ಆಗದವರಿಗೆ ಮಾತ್ರೆ ಪುಡಿ ಮಾಡಿ ಕೊಡಬಹುದೇ?

ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್, ರಿಟಾರ್ಡ್ ಎಂದಿದ್ದರೆ ಪುಡಿ ಮಾಡಬೇಡಿ. ಇವುಗಳ ಒಳಗೆ 12 ಅಥವಾ 24 ಗಂಟೆಯ ಔಷಧ ತುಂಬಿರುತ್ತದೆ. ಜಗಿದರೆ ಅಷ್ಟೂ ಒಂದೇ ಸಲಕ್ಕೆ ರಕ್ತಕ್ಕೆ ಸುರಿಯುತ್ತದೆ. ನಿಫೆಡಿಪಿನ್ ರಿಟಾರ್ಡ್ ಹಾಗೆ ಕೊಟ್ಟರೆ ಬಿ.ಪಿ. ದಡಕ್ಕನೆ ಇಳಿದು, ಅರ್ಧ ದಿನದ ಮೇಲೆ ಮತ್ತೆ ಏರುತ್ತದೆ. ಒಂದು ವಿನಾಯಿತಿ ಇದೆ: ಮೆಟೊಪ್ರೊಲಾಲ್ ಸಕ್ಸಿನೇಟಿನಂಥ ಕೆಲವು ಮಾತ್ರೆಗಳು ಸಣ್ಣ ಸಣ್ಣ ಗುಂಡುಗಳಿಂದ ಆದವು. ನಡುವೆ ಗೆರೆ ಇದ್ದರೆ ಅರ್ಧಕ್ಕೆ ಮುರಿಯಬಹುದು, ಆದರೆ ಜಗಿಯುವಂತಿಲ್ಲ.

ಪ್ಯಾಂಟೊಪ್ರಜೋಲಿನ ಮೇಲಿನ ಲೇಪ ಬೇರೆ ಬಗೆಯದು. ಹೊಟ್ಟೆಯ ಆಮ್ಲ ತಗುಲಿದರೆ ಆ ಔಷಧವೇ ಹಾಳು. ಅದಕ್ಕೇ ಕರುಳಿಗೆ ಹೋದ ಮೇಲೆ ಕರಗುವ ಕವಚ ಹಾಕಿರುತ್ತಾರೆ. ಪುಡಿ ಮಾಡಿ ಮೂಗಿನ ಟ್ಯೂಬಿನಲ್ಲಿ ಹಾಕಿದರೆ ಔಷಧ ಕೊಟ್ಟ ಸಮಾಧಾನ ಮಾತ್ರ. ಟ್ಯೂಬ್ ಇರುವ ರೋಗಿಯಾದರೆ ಸಿರಪ್ಪೋ ನೀರಿನಲ್ಲಿ ಕರಗುವ ಮಾತ್ರೆಯೋ ಇದೆಯೇ ಎಂದು ಫಾರ್ಮಸಿಸ್ಟನ್ನು ಕೇಳಿ, ಬಹುತೇಕ ಏನಾದರೊಂದು ಇರುತ್ತದೆ.

ಮಲದಲ್ಲಿ ಇಡೀ ಮಾತ್ರೆ ಕಾಣಿಸಿತು. ಹೀರಿಕೆಯೇ ಆಗಿಲ್ಲವೇ?

ಮೆಟ್‌ಫಾರ್ಮಿನ್ ಎಸ್‌ಆರ್‌ನಂಥ ಮಾತ್ರೆಗಳಲ್ಲಿ ಔಷಧ ಸೋರಿಹೋದ ಮೇಲೆ ಬರೀ ಸಿಪ್ಪೆ ಹೊರಬರುತ್ತದೆ. ಬೆರಳಲ್ಲಿ ಒತ್ತಿದರೆ ಮೆತ್ತಗಿರುತ್ತದೆ. ಚಿಂತೆ ಬೇಡ.

ಇಂಜೆಕ್ಷನ್ ಹಾಕಿಸಿದರೆ ಬೇಗ ವಾಸಿಯಾಗುತ್ತದಲ್ಲವೇ?

ಬೇಗ ರಕ್ತಕ್ಕೆ ಸೇರುತ್ತದೆ ಎನ್ನುವುದು ನಿಜ. ಬೇಗ ವಾಸಿಯಾಗುತ್ತದೆ ಎನ್ನುವುದು ಎಲ್ಲಕ್ಕೂ ಹೊಂದದು. ಲೆವೊಫ್ಲಾಕ್ಸಾಸಿನ್, ಲಿನೆಜೋಲಿಡ್, ಮೆಟ್ರೊನಿಡಜೋಲ್ ಮಾತ್ರೆಗಳು ಬಾಯಿಯಿಂದಲೇ ಬಹುಪಾಲು ಪೂರ್ತಿ ಹೀರಿಕೆಯಾಗುತ್ತವೆ. ವಾಂತಿಯಿಲ್ಲದ, ಊಟ ಮಾಡುತ್ತಿರುವ ರೋಗಿಗೆ ಇವುಗಳ ಡ್ರಿಪ್ ಹಾಕಿಸುವುದರಿಂದ ಸಿಗುವುದು ಸೂಜಿಯ ಗಾಯ, ಊದಿಕೊಂಡ ನರ, ಹೆಚ್ಚಿನ ಬಿಲ್ಲು. ರಕ್ತಕ್ಕೆ ಸೋಂಕು ಹರಡಿದ್ದರೆ, ಪ್ರಜ್ಞೆ ಇಲ್ಲದಿದ್ದರೆ, ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಲೆಕ್ಕ ಬೇರೆ.

‘ಸುಸ್ತಿಗೆ ಗ್ಲೂಕೋಸ್ ಬಾಟ್ಲಿ’ ಬಗ್ಗೆಯೂ ಹೇಳಿಬಿಡೋಣ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಅರ್ಧ ಲೀಟರಿನಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ಚಹಾ ಚಮಚದಲ್ಲಿ ಐದು ಚಮಚ.

ಇನ್ಸುಲಿನ್ ಮಾತ್ರೆ ಯಾಕಿಲ್ಲ? ಎಲ್ಲಿ ಚುಚ್ಚಬೇಕು?

ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ತಿಂದ ಬೇಳೆಯ ಹಾಗೆ ಜೀರ್ಣವಾಗಿಹೋಗುತ್ತದೆ. ಚರ್ಮದಡಿಯ ಕೊಬ್ಬಿಗೆ ಚುಚ್ಚಿದಾಗ ಅಲ್ಲಿಂದ ನಿಧಾನವಾಗಿ ರಕ್ತಕ್ಕಿಳಿಯುತ್ತದೆ. ಹೊಟ್ಟೆಯಿಂದ ಎಲ್ಲಕ್ಕಿಂತ ಬೇಗ, ತೋಳಿನಿಂದ ಸ್ವಲ್ಪ ನಿಧಾನ, ತೊಡೆಯಿಂದ ಇನ್ನೂ ನಿಧಾನ. ಬೆಳಿಗ್ಗೆ ಹೊಟ್ಟೆ, ಮಾರನೆ ಬೆಳಿಗ್ಗೆ ತೊಡೆ ಎಂದು ಮಾಡಿದರೆ ಡೋಸ್ ಒಂದೇ ಆದರೂ ಶುಗರ್ ಏರಿಳಿಯುತ್ತದೆ. ಬೆಳಗಿನ ಹೊತ್ತಿಗೆ ಒಂದೇ ಭಾಗ ಇಟ್ಟುಕೊಂಡು, ಅದರೊಳಗೆ ಪ್ರತಿಸಲ ಒಂದು ಬೆರಳಿನ ಅಗಲ ಜಾಗ ಬಿಟ್ಟು ಚುಚ್ಚಿ. ಹೊಕ್ಕುಳಿನ ಸುತ್ತ ಎರಡು ಬೆರಳು ಬಿಡಿ.

ನೋವಾಗುವುದಿಲ್ಲವೆಂದು ಒಂದೇ ಜಾಗದಲ್ಲಿ ಚುಚ್ಚುತ್ತ ಹೋದರೆ ಅಲ್ಲಿ ಮೆತ್ತನೆಯ ಗಂಟು ಕಟ್ಟುತ್ತದೆ. ಗಂಟಿನಿಂದ ಇನ್ಸುಲಿನ್ ಯಾವಾಗ, ಎಷ್ಟು ಇಳಿಯುತ್ತದೆಂದು ಹೇಳಲಾಗದು. ಇಲ್ಲೊಂದು ಅಪಾಯ: ಗಂಟು ಬಿಟ್ಟು ಹೊಸ ಜಾಗಕ್ಕೆ ಹೋದಾಗ ಅದೇ ಯೂನಿಟ್ ಪೂರ್ತಿ ಹೀರಿಕೆಯಾಗಿ ಶುಗರ್ ಬಿದ್ದುಹೋಗಬಹುದು. ಜಾಗ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ, ಕೆಲವು ದಿನ ಹೆಚ್ಚು ಸಲ ಶುಗರ್ ನೋಡಿ.

ಔಷಧಕ್ಕೆ ನೋವಿರುವ ಜಾಗ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ. ಮಂಡಿನೋವಿಗೆ ನುಂಗಿದ ಡೈಕ್ಲೊಫೆನಾಕ್ ಜಠರ, ಕಿಡ್ನಿ, ಹೃದಯಗಳಿಗೂ ಹೋಗುತ್ತದೆ. ಅಡ್ಡಪರಿಣಾಮಗಳ ಅರ್ಧ ಕಥೆ ಇದೇ.

ಆದರೆ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಜೆಂಟಾಮೈಸಿನ್ ನೀರಿನಲ್ಲಿ ಕರಗುವ ಔಷಧ, ರಕ್ತ ಮತ್ತು ಕೋಶಗಳ ಹೊರಗಿನ ದ್ರವದಲ್ಲೇ ಉಳಿಯುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ರಕ್ತ ಬಿಟ್ಟು ಸ್ನಾಯುಗಳೊಳಗೆ ಹೋಗಿ ಕೂರುತ್ತದೆ. ಲೆಕ್ಕ ಹಾಕಿ ನೋಡಿ: 0.5 ಎಂಜಿ, ಅಂದರೆ 500 ಮೈಕ್ರೋಗ್ರಾಂ ಡಿಗಾಕ್ಸಿನ್ ಮೈಯಲ್ಲಿದ್ದಾಗ ರಕ್ತದಲ್ಲಿ ಲೀಟರಿಗೆ ಸುಮಾರು 1 ಮೈಕ್ರೋಗ್ರಾಂ ಸಿಗುತ್ತದೆ. ಆ ಔಷಧವನ್ನು ಮನೆ ತಾರಸಿಯ 500 ಲೀಟರ್ ಟ್ಯಾಂಕಿನಲ್ಲಿ ಕಲಸಿದರೆ ಬರುವಷ್ಟೇ ತೆಳು ಅದು. ಮನುಷ್ಯನಲ್ಲಿ 500 ಲೀಟರ್ ಇಲ್ಲ, ಇರುವ ರಕ್ತ 5 ಲೀಟರ್. ಈ ಲೆಕ್ಕದ ಅಂಕಿಗೆ ಹಂಚಿಕೆಯ ಗಾತ್ರ ಎಂದು ಹೆಸರು, ಅದು ದೊಡ್ಡದಿದ್ದಷ್ಟೂ ಔಷಧ ರಕ್ತದ ಹೊರಗೆ ಅಡಗಿದೆ ಎಂದರ್ಥ. ಡಿಗಾಕ್ಸಿನ್ ವಿಷವೇರಿದಾಗ ಡಯಾಲಿಸಿಸ್ ಮಾಡಿ ಪ್ರಯೋಜನವಿಲ್ಲದಿರುವುದು ಇದಕ್ಕೇ. ಯಂತ್ರ ತೊಳೆಯುವುದು ರಕ್ತವನ್ನು, ಸ್ನಾಯುವನ್ನಲ್ಲ.

ಮಿದುಳಿಗೆ ಬೇರೆಯೇ ಬೇಲಿ ಇದೆ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಅದನ್ನು ದಾಟುತ್ತದೆ, ತೂಕಡಿಕೆ ತರುತ್ತದೆ. ಫೆಕ್ಸೊಫೆನಡಿನ್ ಬಹುತೇಕ ಹೊರಗೇ ಉಳಿಯುತ್ತದೆ. ಬೈಕ್ ಓಡಿಸುವವರು ಇದನ್ನು ನೆನಪಿಡಬೇಕು.

ಲಿವರ್ ಔಷಧವನ್ನು ಏನು ಮಾಡುತ್ತದೆ?

ಎಣ್ಣೆಯಲ್ಲಿ ಕರಗುವ ವಸ್ತುವನ್ನು ಕಿಡ್ನಿ ಹೊರಹಾಕಲಾರದು. ಲಿವರಿನ ಕಿಣ್ವಗಳು ಅದನ್ನು ಮಾರ್ಪಡಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ. ಬಹಳ ಸಲ ಔಷಧ ಇಲ್ಲಿ ಸಾಯುತ್ತದೆ, ಕೆಲವು ಸಲ ಇಲ್ಲಿಯೇ ಜೀವ ಪಡೆಯುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್ ನುಂಗಿದಾಗ ನಿಷ್ಕ್ರಿಯ. ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಸಕ್ರಿಯ ಮಾಡಬೇಕು. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿರುವವರು ಏಷ್ಯಾದವರಲ್ಲಿ ಹೆಚ್ಚು. ಒಮೆಪ್ರಜೋಲ್ ಕೂಡ ಇದೇ ಕಿಣ್ವವನ್ನು ತಡೆಯುತ್ತದೆ. ಸ್ಟೆಂಟ್ ಇರುವವರಿಗೆ ಗ್ಯಾಸ್ ಮಾತ್ರೆ ಬೇಕಾದರೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಕೊಡುವುದು ಅದಕ್ಕೇ.

ಕ್ಷಯದ ಐಸೊನಿಯಜಿಡ್ ಅನ್ನು ಒಡೆಯುವುದರಲ್ಲಿ ಜನ ಎರಡು ಬಗೆ, ಚುರುಕಿನವರು ಮತ್ತು ನಿಧಾನದವರು. ಭಾರತದಲ್ಲಿ ನಿಧಾನದವರೇ ಅರ್ಧಕ್ಕಿಂತ ಹೆಚ್ಚು. ಇವರಲ್ಲಿ ಔಷಧ ಹೆಚ್ಚು ಹೊತ್ತು ಉಳಿದು ಅಂಗಾಲು ಜುಮ್ಮೆನ್ನಬಹುದು. ಜೊತೆಗೆ ಕೊಡುವ ಬಿ6 ವಿಟಮಿನ್ ಮಾತ್ರೆ ಶಕ್ತಿಗೆ ಎಂದುಕೊಂಡು ಬಿಡಬೇಡಿ.

ಪ್ಯಾರಸಿಟಮಾಲ್ ನಿರಪಾಯವೆನ್ನುತ್ತಾರೆ, ಲಿವರ್ ಹಾಳಾಗುತ್ತದೆ ಎಂದೂ ಹೇಳುತ್ತಾರೆ. ಯಾವುದು ನಿಜ?

ಎರಡೂ. ಸಾಮಾನ್ಯ ಡೋಸಿನಲ್ಲಿ ಬಹುಪಾಲು ಸಲೀಸಾಗಿ ಹೊರಹೋಗುತ್ತದೆ. ಸಣ್ಣ ಪಾಲು ಮಾತ್ರ ಒಂದು ವಿಷವಸ್ತುವಾಗುತ್ತದೆ, ಅದನ್ನು ಲಿವರಿನಲ್ಲಿರುವ ಗ್ಲುಟಾಥಯೋನ್ ಹಿಡಿದು ಸುಮ್ಮನಾಗಿಸುತ್ತದೆ. ಡೋಸ್ ಮೀರಿದಾಗ ಮಾಮೂಲಿ ದಾರಿ ತುಂಬಿ ಹೆಚ್ಚು ಪಾಲು ವಿಷದ ದಾರಿ ಹಿಡಿಯುತ್ತದೆ, ಗ್ಲುಟಾಥಯೋನ್ ಖರ್ಚಾಗುತ್ತದೆ, ಲಿವರ್ ಕೋಶಗಳು ಸಾಯುತ್ತವೆ. ದೊಡ್ಡವರಿಗೆ ಮಿತಿ ದಿನಕ್ಕೆ 4 ಗ್ರಾಂ. 650ರ ಮಾತ್ರೆ ಆರಾದರೆ 3.9 ಗ್ರಾಂ, ಅಲ್ಲಿಗೆ ಮುಗಿಯಿತು. ತೀರ ಸಣಕಲು ಮೈಯವರಿಗೆ, ದಿನಾ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ ಕೂಡಿಸಿಕೊಳ್ಳಿ.

ಯಾರಾದರೂ ಹೆಚ್ಚಾಗಿ ನುಂಗಿದ್ದರೆ ಚೆನ್ನಾಗಿ ಕಾಣುತ್ತಾರಲ್ಲ ಎಂದು ಕಾಯಬೇಡಿ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಅದೂ ಇಲ್ಲದಿರಬಹುದು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ 8 ಗಂಟೆಯೊಳಗೆ ಸಿಕ್ಕರೆ ಲಿವರ್ ಬಹುಮಟ್ಟಿಗೆ ಉಳಿಯುತ್ತದೆ.

ಚಕ್ಕೋತ ತಿನ್ನಬೇಡಿ ಎಂದರು. ಹಣ್ಣಿಗೂ ಮಾತ್ರೆಗೂ ಏನು ಸಂಬಂಧ?

ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ಫೆಲೊಡಿಪಿನ್ ಎಂಬ ಬಿ.ಪಿ. ಔಷಧದ ಮಟ್ಟವನ್ನು ಏರಿಸುತ್ತದೆ ಎನ್ನುವುದು 1989ರಲ್ಲಿ ಆಕಸ್ಮಿಕವಾಗಿ ಬೆಳಕಿಗೆ ಬಂತು. ಮದ್ಯದ ಪರಿಣಾಮ ನೋಡುವ ಪ್ರಯೋಗದಲ್ಲಿ ಮದ್ಯದ ರುಚಿ ಮುಚ್ಚಲು ಬಳಸಿದ ರಸ ಅದು. ಅದರಲ್ಲಿರುವ ಫ್ಯುರನೊಕೌಮರಿನ್‌ಗಳು ಕರುಳಿನ ಗೋಡೆಯಲ್ಲಿ ಔಷಧ ಒಡೆಯುವ ಸಿವೈಪಿ3ಎ4 ಕಿಣ್ವವನ್ನು ಕೆಡಿಸುತ್ತವೆ. ಹೊಸ ಕಿಣ್ವ ಹುಟ್ಟಲು ಒಂದರಿಂದ ಮೂರು ದಿನ ಬೇಕು. ಆದ್ದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ನಡೆಯದು.

ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತ ಮತ್ತು ಕಿತ್ತಳೆಯ ಮಿಶ್ರ ತಳಿ. ಚಕ್ಕೋತದಲ್ಲೂ ಈ ಪದಾರ್ಥಗಳಿವೆ, ತಳಿಯಿಂದ ತಳಿಗೆ ಹೆಚ್ಚುಕಡಿಮೆ. ಕಿಡ್ನಿ ಕಸಿ ಮಾಡಿಸಿಕೊಂಡು ಟ್ಯಾಕ್ರೋಲಿಮಸ್ ಅಥವಾ ಸೈಕ್ಲೊಸ್ಪೊರಿನ್ ತಗೊಳ್ಳುವವರು ದೇವನಹಳ್ಳಿ ಚಕ್ಕೋತದ ಆಸೆ ಬಿಟ್ಟುಬಿಡುವುದೇ ವಾಸಿ. ಸಿಂವಾಸ್ಟಾಟಿನ್, ನಿಫೆಡಿಪಿನ್ ತಗೊಳ್ಳುವವರೂ ಡಾಕ್ಟರನ್ನು ಕೇಳಿಕೊಳ್ಳಿ. ರೋಸುವಾಸ್ಟಾಟಿನ್‌ಗೆ ತೊಂದರೆಯಿಲ್ಲ. ಮೂಸಂಬಿ, ಕಮಲಾ ಕಿತ್ತಳೆ ಬಗ್ಗೆ ಹೆದರಬೇಕಿಲ್ಲ.

ಕ್ಷಯದ ಮಾತ್ರೆ ತಗೊಳ್ಳುವಾಗ ಗರ್ಭನಿರೋಧಕ ಗುಳಿಗೆ ನಡೆಯುತ್ತದೆಯೇ?

ನಂಬಬೇಡಿ. ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಹೆಚ್ಚಿಸುತ್ತದೆ, ಗುಳಿಗೆಯ ಹಾರ್ಮೋನು ಬೇಗ ಒಡೆದುಹೋಗುತ್ತದೆ. ರಿಫಾಂಪಿಸಿನ್ ಮುಗಿದ ಮೇಲೂ ನಾಲ್ಕು ವಾರ ಕಾಪರ್-ಟಿ ಥರದ ಬೇರೆ ವಿಧಾನ ಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಕೂಡ ಹೀಗೇ ದುರ್ಬಲವಾಗುತ್ತದೆ, ಅದಕ್ಕೆ ಡೋಸ್ ಏರಿಸಿರುತ್ತಾರೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೆ ಆ ಏರಿಸಿದ ಡೋಸನ್ನು ಇಳಿಸಲು ಮರೆತರೆ ರಕ್ತಸ್ರಾವ.

ಅರ್ಧಾಯು ಎಂದರೇನು? ನನಗೇಕೆ ಬೇಕು?

ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾದ ಸಮಯ. ಅಮಾಕ್ಸಿಸಿಲಿನ್‌ಗೆ ಸುಮಾರು ಒಂದು ಗಂಟೆ, ಪ್ಯಾರಸಿಟಮಾಲಿಗೆ ಎರಡು ಮೂರು ಗಂಟೆ, ಅಮ್ಲೊಡಿಪಿನ್‌ಗೆ 30ರಿಂದ 50 ಗಂಟೆ, ಥೈರಾಕ್ಸಿನ್‌ಗೆ ಏಳು ದಿನ, ಕ್ಲೊರೊಕ್ವಿನ್‌ಗೆ ತಿಂಗಳು ಮೀರುತ್ತದೆ.

ಒಂದು ಅರ್ಧಾಯು ಕಳೆದಾಗ 50 ಉಳಿಯಿತು, ಎರಡಕ್ಕೆ 25, ಮೂರಕ್ಕೆ 12.5, ನಾಲ್ಕಕ್ಕೆ 6, ಐದಕ್ಕೆ 3. ಐದು ಅರ್ಧಾಯುವಿನಲ್ಲಿ ಔಷಧ ಬಹುತೇಕ ಖಾಲಿ. ದಿನಾ ತಗೊಳ್ಳುತ್ತ ಹೋದಾಗ ಮಟ್ಟ ಏರಿ ಒಂದೆಡೆ ನಿಲ್ಲಲೂ ಅಷ್ಟೇ ಸಮಯ. ಅಮ್ಲೊಡಿಪಿನ್ ಶುರು ಮಾಡಿ ಮೂರನೇ ದಿನಕ್ಕೆ ಬಿ.ಪಿ. ಇಳಿದಿಲ್ಲವೆಂದು ಡೋಸ್ ಏರಿಸಬಾರದು, ಅದು ತನ್ನ ಪೂರ್ಣ ಮಟ್ಟ ಮುಟ್ಟುವುದೇ ಏಳೆಂಟು ದಿನಕ್ಕೆ. ಥೈರಾಕ್ಸಿನ್ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿ ಎನ್ನುವುದು ಇದೇ ಲೆಕ್ಕ. ಹತ್ತು ದಿನಕ್ಕೇ ಮಾಡಿಸಿದರೆ ಲ್ಯಾಬಿಗೆ ಲಾಭ.

ಅಮಾಕ್ಸಿಸಿಲಿನ್ ದಿನಕ್ಕೆ ಮೂರು ಸಲ, ಅಜಿಥ್ರೊಮೈಸಿನ್ ದಿನಕ್ಕೊಂದರಂತೆ ಮೂರೇ ದಿನ ಎನ್ನುವುದಕ್ಕೂ ಉತ್ತರ ಇಲ್ಲಿದೆ. ಅಜಿಥ್ರೊಮೈಸಿನ್ ಅಂಗಾಂಶಗಳೊಳಗೆ ಹೋಗಿ ಕೂತು ನಿಧಾನ ಹೊರಬರುತ್ತದೆ, ಅರ್ಧಾಯು 68 ಗಂಟೆಯಷ್ಟು. ಮಾತ್ರೆ ಮುಗಿದ ಮೇಲೂ ಔಷಧ ಒಳಗೆ ಕೆಲಸ ಮಾಡುತ್ತಿರುತ್ತದೆ.

ಅರ್ಧಾಯು ಹೇಳದ ಸಂಗತಿಯೂ ಇದೆ. ಆಸ್ಪಿರಿನ್ 15-20 ನಿಮಿಷದಲ್ಲಿ ಅರ್ಧವಾಗುತ್ತದೆ, ಆದರೂ ಸಣ್ಣ ಡೋಸ್ ದಿನಕ್ಕೊಂದು ಸಾಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣವನ್ನು ಅದು ಒಮ್ಮೆ ಮುಟ್ಟಿದರೆ ಆ ಕಣ ಸಾಯುವವರೆಗೂ, ಏಳರಿಂದ ಹತ್ತು ದಿನ, ಸುಧಾರಿಸುವುದಿಲ್ಲ. ಹಲ್ಲು ಕೀಳಿಸುವ ಮೊದಲು ಆಸ್ಪಿರಿನ್ ವಿಷಯ ದಂತವೈದ್ಯರಿಗೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಒಂದು ಡೋಸ್ ಮರೆತರೆ? ನುಂಗಿದ ಮೇಲೆ ವಾಂತಿಯಾದರೆ?

ಮರೆತದ್ದು ನೆನಪಾದ ಕೂಡಲೇ ತಗೊಳ್ಳಿ. ಮುಂದಿನ ಡೋಸಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡು ಸೇರಿಸಿ ನುಂಗಬೇಡಿ. ಇನ್ಸುಲಿನ್, ವಾರ್ಫರಿನ್, ಫಿಟ್ಸ್ ಮಾತ್ರೆಗಳಿಗೆ ಪ್ರತ್ಯೇಕ ನಿಯಮಗಳಿವೆ, ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಮಾತ್ರೆ ನುಂಗಿ ಕೆಲವೇ ನಿಮಿಷದಲ್ಲಿ ವಾಂತಿಯಾಗಿ ಇಡೀ ಮಾತ್ರೆ ಕಂಡರೆ ಅದು ಒಳಹೋಗಿಲ್ಲ. ಒಂದು ಗಂಟೆ ದಾಟಿದ್ದರೆ ಸಾಮಾನ್ಯವಾಗಿ ಮತ್ತೆ ಕೊಡಬೇಕಿಲ್ಲ. ನಡುವಿನ ಸಮಯಕ್ಕೆ ಫೋನ್ ಮಾಡಿ ಕೇಳುವುದೇ ಸರಿ.

ಡೋಸ್ ಸ್ವಲ್ಪವೇ ಏರಿಸಿದರು, ಅಪ್ಪ ಓಲಾಡತೊಡಗಿದರು. ಯಾಕೆ?

ಔಷಧ ಫಿಟ್ಸ್‌ಗೆ ಕೊಡುವ ಫಿನೈಟೋಯಿನ್ ಆಗಿದ್ದರೆ ಇದು ಗೊತ್ತಿರುವ ತೊಂದರೆ. ಬಹುತೇಕ ಔಷಧಗಳಲ್ಲಿ ಡೋಸ್ ದುಪ್ಪಟ್ಟಾದರೆ ಮಟ್ಟವೂ ದುಪ್ಪಟ್ಟು. ಫಿನೈಟೋಯಿನ್ ಒಡೆಯುವ ಕಿಣ್ವ ಮಾಮೂಲಿ ಡೋಸಿನಲ್ಲೇ ತುಂಬಿಹೋಗಿರುತ್ತದೆ, ಟೋಲ್‌ಗೇಟಿನಲ್ಲಿ ಎಲ್ಲ ಕೌಂಟರುಗಳ ಮುಂದೂ ಸಾಲು ನಿಂತ ಹಾಗೆ. ಆಮೇಲೆ ಬಂದದ್ದೆಲ್ಲ ಹಿಂದೆ ಶೇಖರವಾಗುತ್ತದೆ. 300 ಎಂಜಿಯಿಂದ 400ಕ್ಕೆ ಹೋದರೆ ರಕ್ತದ ಮಟ್ಟ ದುಪ್ಪಟ್ಟನ್ನೂ ಮೀರಬಹುದು. ಹಾಗಾಗಿ 25-50 ಎಂಜಿ ಹೆಜ್ಜೆಯಲ್ಲಿ ಏರಿಸಬೇಕು. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಕಡಿಮೆ ಇರುವವರಲ್ಲಿ ಲ್ಯಾಬ್ ರಿಪೋರ್ಟಿನ ಅಂಕಿ ಸರಿಯಿದ್ದರೂ ವಿಷದ ಲಕ್ಷಣ ಕಾಣಬಹುದು, ಶೇ. 90ರಷ್ಟು ಫಿನೈಟೋಯಿನ್ ಅಲ್ಬುಮಿನ್‌ಗೆ ಅಂಟಿರಬೇಕಾದದ್ದು ಬಿಡುಗಡೆಯಾಗಿ ಓಡಾಡುತ್ತಿರುತ್ತದೆ.

ಮದ್ಯವೂ ಇದೇ ಜಾತಿ. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ತೆಗೆಯುತ್ತದೆ. 42.8 ಪರ್ಸೆಂಟಿನ ವಿಸ್ಕಿ 60 ಎಂಎಲ್‌ನಲ್ಲಿ 20 ಗ್ರಾಂ ಆಲ್ಕೊಹಾಲ್ ಇದೆ, ಅಂದರೆ ಎರಡು ಮೂರು ಗಂಟೆಯ ಕೆಲಸ. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರು ಯಾವುದೂ ಅದನ್ನು ಚುರುಕುಗೊಳಿಸದು.

ಕ್ರಿಯಾಟಿನಿನ್ ನಾರ್ಮಲ್ ಇದೆ. ಆದರೂ ಅಜ್ಜಿಗೆ ಡೋಸ್ ಕಮ್ಮಿ ಮಾಡಿದ್ದೇಕೆ?

ಕಿಡ್ನಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕರಗಿದ ವೃದ್ಧರಲ್ಲಿ ಅದು ಹುಟ್ಟುವುದೇ ಕಡಿಮೆ, ಕಿಡ್ನಿ ಸೋತಿದ್ದರೂ ಅಂಕಿ ಚೆಂದ ಕಾಣುತ್ತದೆ. 1976ರಲ್ಲಿ ಪ್ರಕಟವಾದ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಿಗೆ ಬಂದದ್ದನ್ನು 0.85ರಿಂದ ಗುಣಿಸಿ.

ಅಜ್ಜಿಗೆ 70 ವರ್ಷ, 45 ಕೆ.ಜಿ., ಕ್ರಿಯಾಟಿನಿನ್ 1.2 ಎಂದಿಟ್ಟುಕೊಳ್ಳಿ. 70 ಗುಣಿಸು 45 ಅಂದರೆ 3150. ಅದನ್ನು 86.4ರಿಂದ ಭಾಗಿಸಿದರೆ 36.5, ಅದರ 0.85 ಪಾಲು 31. ಅಂದರೆ ಕಿಡ್ನಿ ನಿಮಿಷಕ್ಕೆ ಶುದ್ಧಿ ಮಾಡುವುದು 31 ಎಂಎಲ್. ಯೌವನದಲ್ಲಿ ಅದು ನೂರರ ಆಸುಪಾಸಿನಲ್ಲಿರುತ್ತದೆ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಬಹುತೇಕ ಪೂರ್ತಿಯಾಗಿ ಕಿಡ್ನಿಯ ಮೂಲಕವೇ ಹೊರಹೋಗಬೇಕು, ಡೋಸ್ ಅರ್ಧ ಮಾಡದಿದ್ದರೆ ಅಜ್ಜಿ ಹಗಲೂ ನಿದ್ದೆ ಮಾಡಿ ಬಚ್ಚಲಲ್ಲಿ ಬೀಳುತ್ತಾರೆ. ಮೆಟ್‌ಫಾರ್ಮಿನ್ ಅನ್ನು ಲಿವರ್ ಮುಟ್ಟುವುದೇ ಇಲ್ಲ, ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿಯ ಸೋಸುವ ಪ್ರಮಾಣ 30ಕ್ಕಿಂತ ಇಳಿದರೆ ಅದನ್ನು ನಿಲ್ಲಿಸಬೇಕು.

ವಯಸ್ಸಾದಂತೆ ಮೈಯಲ್ಲಿ ನೀರು ಕಮ್ಮಿ, ಕೊಬ್ಬಿನ ಪಾಲು ಜಾಸ್ತಿ. ಕೊಬ್ಬಿನಲ್ಲಿ ಸೇರುವ ಡಯಾಜೆಪಾಮ್‌ನ ಅರ್ಧಾಯು 20ರ ಹರೆಯದಲ್ಲಿ 20 ಗಂಟೆಯಷ್ಟಿದ್ದರೆ 80ರಲ್ಲಿ 80 ಗಂಟೆ ದಾಟುತ್ತದೆ. ದಿನಾ ರಾತ್ರಿ ಕೊಟ್ಟರೆ ಔಷಧ ಒಂದರ ಮೇಲೊಂದು ಪೇರಿಸುತ್ತ ಹೋಗುತ್ತದೆ. ‘ವಯಸ್ಸಾಯಿತು, ಮರೆವು’ ಎಂದು ಮನೆಯವರು ಸುಮ್ಮನಿರುವಲ್ಲಿ ಕೆಲವು ಸಲ ಇರುವುದು ಇದು.

ಮಗುವಿಗೆ ಜ್ವರದ ಸಿರಪ್ ಎಷ್ಟು ಕೊಡಬೇಕು?

ವಯಸ್ಸು ನೋಡಬೇಡಿ, ತೂಕ ನೋಡಿ. ಪ್ಯಾರಸಿಟಮಾಲ್ ಕೆ.ಜಿ.ಗೆ 15 ಎಂಜಿ. 10 ಕೆ.ಜಿ. ಮಗುವಿಗೆ 150 ಎಂಜಿ, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ. ಈಗ ಬಾಟಲಿ ನೋಡಿ. 5 ಎಂಎಲ್‌ಗೆ 120 ಎಂಜಿ ಇದ್ದರೆ 6 ಎಂಎಲ್ ಚಿಲ್ಲರೆ. 5 ಎಂಎಲ್‌ಗೆ 250 ಇದ್ದರೆ 3 ಎಂಎಲ್. ಎಳೆಮಕ್ಕಳ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಎಂಜಿ ಇರುತ್ತದೆ, ಅದರಲ್ಲಿ ಒಂದೂವರೆ ಎಂಎಲ್. ಮೊದಲ ಬಾಟಲಿಯ ಅಭ್ಯಾಸದಲ್ಲಿ ಡ್ರಾಪ್ಸ್ 6 ಎಂಎಲ್ ಹಾಕಿದರೆ 600 ಎಂಜಿ, ನಾಲ್ಕು ಪಟ್ಟು. ಅಡುಗೆಮನೆಯ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಬದಿಗೆ ನಿಧಾನ ಬಿಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸಿರಪ್ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ.

ರಕ್ತದಲ್ಲಿ ಔಷಧದ ಮಟ್ಟ ನೋಡಲು ಯಾವ ಹೊತ್ತಿಗೆ ಹೋಗಬೇಕು?

ಹೊತ್ತು ತಪ್ಪಿದರೆ ರಿಪೋರ್ಟ್ ತಪ್ಪು. ಲಿಥಿಯಂಗೆ ಕೊನೆಯ ಡೋಸ್ ಆಗಿ 12 ಗಂಟೆ. ಡಿಗಾಕ್ಸಿನ್‌ಗೆ ಕನಿಷ್ಠ ಆರು ಗಂಟೆ. ಅದಕ್ಕೂ ಮೊದಲು ತೆಗೆದರೆ ಸ್ನಾಯುವಿಗೆ ಇನ್ನೂ ಇಳಿಯದ ಔಷಧ ರಕ್ತದಲ್ಲೇ ಇದ್ದು ವಿಷವೇರಿದಂತೆ ತೋರುತ್ತದೆ. ಟ್ಯಾಕ್ರೋಲಿಮಸ್‌ಗೆ ಬೆಳಗಿನ ಡೋಸಿಗೆ ಮುಂಚೆ. ಆ ದಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಿ, ರಕ್ತ ಕೊಟ್ಟಾದ ಮೇಲೆ ಅಲ್ಲಿಯೇ ನೀರು ಕೇಳಿ ನುಂಗಿ. ಹಿಂದಿನ ರಾತ್ರಿಯ ಡೋಸ್ ಎಷ್ಟು ಗಂಟೆಗೆ ತಗೊಂಡಿರೆಂದು ರಕ್ತ ಕೊಡುವಾಗಲೇ ಬರೆಸಿ.